ಚೌಕಾಶಿಯಲ್ಲಿ ಗೆದ್ದ ಐದು ದಿನ

ನನಗೆ ಅದು ಇಷ್ಟಕ್ಕೆ ಬಿತ್ತು: ತಂಗಿಯ ಎಡತೊಡೆಯ ಹಿಂದಿನ ಸ್ನಾಯು, ಕ್ರೀಡಾ ಹಾಸ್ಟೆಲಿನಲ್ಲಿ ಅವಳಿಗೆ ಸಿಗಬೇಕಾಗಿದ್ದ ಒಂದು ಜಾಗ, ಮತ್ತೆ ಒಬ್ಬ ಹಿರಿಯ ಮಾಸ್ತರರು ನನ್ನ ಮೇಲೆ ಇಟ್ಟಿದ್ದ ನಂಬಿಕೆ. ಇಷ್ಟನ್ನು ಕೊಟ್ಟು ನಾನು ತಂದದ್ದು ಬರೀ ಐದು ದಿನ. ಯಾಕೆ ತಂದೆ ಎಂದರೆ, ಯಾರೇ ಆಗಲಿ ಮೊದಲು ಹೇಳುವ ಅಂಕಿ ನಿಜವಾದ ಅಂಕಿಯಲ್ಲ, ಇಳಿಸುವುದಕ್ಕೆ ಜಾಗ ಇಟ್ಟುಕೊಂಡೇ ಹೇಳಿರುತ್ತಾರೆ ಎಂದು ಹದಿನಾಲ್ಕನೇ ವಯಸ್ಸಿನಿಂದ ನಂಬಿಕೊಂಡು ಬಂದವಳು ನಾನು. ಮೀನುಪೇಟೆಯಲ್ಲಿ ಆ ನಂಬಿಕೆ ನನ್ನನ್ನು ಸಾಕಿತು. ತಂಗಿಯ ಕಾಲಿಗೆ ಅದೇ ಮುಳುವಾಯಿತು.

ನಮ್ಮ ಮನೆ ಮಂಜಗುಣಿಯಲ್ಲಿ, ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ. ತಂದೆ ಬೇಗ ಹೋದರು. ಆಯಿ, ಎಂದರೆ ನಮ್ಮ ತಾಯಿ, ಗದ್ದೆ ಕೂಲಿ ಇಲ್ಲದ ದಿನ ಹೊಳೆಗೆ ಇಳಿದು ಬಳಚು ಹೆಕ್ಕುತ್ತಿದ್ದಳು. ಬಳಚು ಎಂದರೆ ಮರಳಿನಡಿ ಹುದುಗಿರುವ ಚಿಪ್ಪು. ಕಾಲಿನಿಂದ ತಡವಿ ನೋಡಿ, ಬಗ್ಗಿ ಹೆಕ್ಕಿ ಬುಟ್ಟಿಗೆ ಹಾಕಬೇಕು. ನೀರು ಇಳಿದಾಗ ಮಾತ್ರ ಆಗುವ ಕೆಲಸ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಮೂರು ದಿನ ನೀರು ಬಹಳ ದೂರ ಸರಿಯುತ್ತದೆ, ಅದೂ ಅನುಕೂಲದ ಹೊತ್ತಿಗೆ, ಬೆಳಗಾಗುವಾಗ ಒಮ್ಮೆ, ಸಂಜೆ ಒಮ್ಮೆ. ಆ ದಿನಗಳಲ್ಲಿ ನಮ್ಮ ಕೇರಿಯಲ್ಲಿ ಜ್ವರ ಬಂದವರೂ ಚಾಪೆ ಬಿಟ್ಟು ಏಳುತ್ತಿದ್ದರು. ದೊಡ್ಡ ಇಳಿತವನ್ನು ಮನೆಯಲ್ಲಿ ಕೂತು ಕಳೆಯುವುದೆಂದರೆ ನಮಗೆ ಬಡಿಸಿದ ಅನ್ನವನ್ನು ಚೆಲ್ಲಿದ ಹಾಗೆ. ಇದನ್ನು ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ, ಹಾಗೇ ಮೈಗೆ ಹತ್ತಿದ್ದು. ಮುಂದೆ ನಡೆದದ್ದಕ್ಕೆ ಇದೂ ಒಂದು ಕಾರಣವಾದ್ದರಿಂದ ಹೇಳಿದೆ.

ಏಳನೇ ತರಗತಿ ಮುಗಿಸಿ ನಾನು ಆ ಬಳಚನ್ನು ಅಂಕೋಲೆ ಪೇಟೆಗೆ ಹೊರತೊಡಗಿದೆ. ಮಾರುವುದನ್ನು ಕಲಿತೆ, ಅದಕ್ಕಿಂತ ಹೆಚ್ಚಾಗಿ ಕೊಳ್ಳುವುದನ್ನು ಕಲಿತೆ. ಹನ್ನೆರಡು ವರ್ಷದಲ್ಲಿ ಕಾರವಾರದಲ್ಲಿ ನನ್ನದೇ ಒಂದು ಖಾನಾವಳಿ ಆಯಿತು. ನಾಲ್ಕು ಮೇಜು, ಮಧ್ಯಾಹ್ನ ಮೀನೂಟ ಮಾತ್ರ. ಪಕ್ಕದ ಶಿರವಾಡದಲ್ಲಿ ಒಂದು ಬಾಡಿಗೆ ಕೋಣೆ. ಅಕ್ಕಿ, ತೆಂಗಿನಕಾಯಿ, ಮೀನಿಗೆ ಹಾಕುವ ಮಂಜುಗಡ್ಡೆ, ಒಂದಕ್ಕೂ ಹೇಳಿದ ಬೆಲೆ ಕೊಟ್ಟವಳಲ್ಲ. ಬೆಲೆ ಕುದುರಿದ ಮೇಲೂ ಕೊಸರು ಬಿಡುತ್ತಿರಲಿಲ್ಲ: ಮೇಲೊಂದು ಹಿಡಿ ಕೊತ್ತಂಬರಿ, ಮೇಲೆರಡು ಬಂಗಡೆ. ನಾನು ಬರುವುದನ್ನು ಕಂಡರೆ ಪೇಟೆಯವರು ಬೆಲೆ ಏರಿಸಿಕೊಂಡೇ ಕೂರುತ್ತಿದ್ದರು. ನನಗೆ ಅದು ಗೊತ್ತಿತ್ತು, ನನಗೆ ಗೊತ್ತೆಂಬುದು ಅವರಿಗೂ ಗೊತ್ತಿತ್ತು. ವ್ಯವಹಾರ ಚೆನ್ನಾಗಿಯೇ ನಡೆಯುತ್ತಿತ್ತು.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಂಕೋಲೆಯ ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂದು ಸಂಜೆ ಊರಿನ ಬಸ್ಸು ಹೊರಟುಬಿಟ್ಟಿತ್ತು. ಅವಳು ಪಾಟೀಚೀಲ ಎದೆಗೆ ಒತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಅದರ ಹಿಂದೆ ಓಡಿ ಹತ್ತಿದಳಂತೆ. ಅದನ್ನು ಅವರ ಶಾಲೆಯ ಪಿ.ಟಿ. ಮಾಸ್ತರರು ನೋಡಿದರು. ಮಾರನೇ ದಿನದಿಂದ ಅವಳನ್ನು ಮೈದಾನಕ್ಕೆ ಕರೆದರು. ಪೇಟೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮೀನಿನ ಹೆಂಗಸರಿಗೆ ಇದು ಬಹಳ ದಿನ ನಗೆಯ ವಿಷಯ. "ನಿನ್ ತಂಗಿಗೆ ಈಗ ಬಸ್ ಸಿಕ್ಕಿತಲ್ಲ, ಮತ್ಯಾಕೆ ಓಡ್ತದೆ ಮಾರಾಯ್ತಿ?" ಎಂದು ಕೇಳುತ್ತಿದ್ದರು.

ಮಾಸ್ತರರು ನಿವೃತ್ತರಾಗಿ ಕಾರವಾರದ ತಮ್ಮ ಮನೆಗೆ ಬಂದರು. ಅದೇ ವರ್ಷ ಅವಳಿಗೂ ಎಸ್ಸೆಸ್ಸೆಲ್ಸಿ ಮುಗಿಯಿತು. ನಾನು ಅವಳನ್ನು ಶಿರವಾಡದ ಕೋಣೆಗೆ ಕರೆದುಕೊಂಡು ಬಂದೆ, ಕಾರವಾರದಲ್ಲೇ ಕಾಲೇಜಿಗೆ ಹಾಕಿದೆ. ನೂರು ಮೀಟರು, ಇನ್ನೂರು ಮೀಟರು ಅವಳ ಓಟ. ಘಟ್ಟದ ಮೇಲೆ ಒಂದು ಕ್ರೀಡಾ ಹಾಸ್ಟೆಲು ಇತ್ತು. ಅಲ್ಲಿ ಆಯ್ಕೆಯಾದರೆ ಊಟ, ವಸತಿ, ಓದು, ದೊಡ್ಡ ತರಬೇತಿ ಎಲ್ಲ ಅವರದ್ದೇ. ವಯಸ್ಸಿನ ಮಿತಿ ಇತ್ತು. ಅವಳಿಗೆ ಉಳಿದದ್ದು ಆ ಒಂದೇ ವರ್ಷ. ಅವಳು ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ, ಆದರೆ ಆ ಹಾಸ್ಟೆಲಿನ ಅರ್ಜಿಯ ಫಾರ್ಮನ್ನು ಪುಸ್ತಕದಲ್ಲಿಟ್ಟುಕೊಂಡು ಬಿಚ್ಚಿ ಮಡಚಿ, ಮಡಿಕೆಯಲ್ಲೇ ಹರಿದುಹೋಗುವ ಹಾಗೆ ಮಾಡಿದ್ದಳು.

ಮಾಸ್ತರರ ತರಬೇತಿ ನೋಡುವುದಕ್ಕೆ ಏನೂ ಇಲ್ಲದಂತಿತ್ತು. ಕಾರವಾರದ ಸಮುದ್ರದಂಡೆಯಲ್ಲಿ ನೀರು ಇಳಿದ ಮೇಲೆ ಒದ್ದೆ ಮರಳು ಸಿಮೆಂಟಿನ ನೆಲದ ಹಾಗೆ ಗಟ್ಟಿಯಾಗಿರುತ್ತದೆ, ಆದರೆ ಸಿಮೆಂಟಿನ ಹಾಗೆ ಮೊಣಕಾಲಿಗೆ ಹೊಡೆಯುವುದಿಲ್ಲ. ಅಲ್ಲಿ ಹಿಮ್ಮಡಿಯಿಂದ ಎರಡು ಗುಳಿ ತೋಡಿ ಅವಳನ್ನು ನಿಲ್ಲಿಸುತ್ತಿದ್ದರು. ಎರಡು ಹಲಗೆ ತುಂಡು ಬಡಿದರೆ ಓಡಬೇಕು. ಮೂವತ್ತು ಮೀಟರು, ಆರು ಸಲ. ಒಂದು ಓಟಕ್ಕೆ ಐದು ಸೆಕೆಂಡು ಹಿಡಿದರೆ, ಮುಂದಿನ ಓಟದ ತನಕ ನಾಲ್ಕೈದು ನಿಮಿಷ ಸುಮ್ಮನೆ ನಡೆಸುತ್ತಿದ್ದರು. ಉಸಿರು ಪೂರ್ತಿ ಇಳಿಯದೆ ಓಡಿದರೆ ಅದು ವೇಗದ ಅಭ್ಯಾಸವಲ್ಲ, ದಣಿವಿನ ಅಭ್ಯಾಸ ಎಂಬುದು ಅವರ ಮಾತು. ಒಣ ಮರಳಿನಲ್ಲಿ ವಾರಕ್ಕೆ ಒಮ್ಮೆ ಮಾತ್ರ, ಅದೂ ಮೊಣಕಾಲು ಎತ್ತಿ ನಡೆಯುವುದು, ಜಿಗಿಯುವುದು, ಅಲ್ಲಿ ಓಡಿಸುತ್ತಿರಲಿಲ್ಲ. ಕಾಲು ಹುಗಿದು ಮೀನಖಂಡ ಎಳೆಯುತ್ತದೆ ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಹತ್ತು ನಿಮಿಷ ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಡಿಗೆ. ಮನೆಗೆ ಬಂದು ಉಪ್ಪು ಬೆಲ್ಲ ಹಾಕಿದ ಮುರುಗಲ ಹಣ್ಣಿನ ಪಾನಕ, ಗಂಜಿ, ಹುರುಳಿ ಪಲ್ಯ, ಖಾನಾವಳಿಯಲ್ಲಿ ಉಳಿದ ಮೀನು. ಒಂಬತ್ತು ತಾಸು ನಿದ್ದೆ.

ವಾರದಲ್ಲಿ ಜೋರಾಗಿ ಓಡುವುದು ಎರಡೇ ದಿನ, ಹೆಚ್ಚೆಂದರೆ ಮೂರು. ಮಾಸ್ತರರ ಹತ್ತಿರ ಒಂದು ನೋಟುಬುಕ್ಕು ಇತ್ತು. ಅದರಲ್ಲಿ ಓಡುವ ದಿನ ನೀಲಿ ಪೆನ್ನಿನಿಂದ ಬರೆಯುತ್ತಿದ್ದರು, ಸುಮ್ಮನಿರುವ ದಿನ ಕೆಂಪು ಪೆನ್ನಿನಿಂದ. ಕೆಂಪು ದಿನ ಕೆಲಸದ ದಿನ, ಅವತ್ತು ಕಾಲು ಒಳಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ನನಗೆ ವಿವರಿಸಿದ್ದರು. ನಾನು ತಲೆಯಾಡಿಸಿದೆ. ಆದರೆ ಒಳಗೊಳಗೆ ನನಗೆ ಆ ಕೆಂಪು ದಿನಗಳು ಖಾಲಿ ಬುಟ್ಟಿಯಂತೆ ಕಾಣುತ್ತಿದ್ದವು. ಅದರಲ್ಲೂ ಕೆಂಪು ದಿನ ಅಮಾವಾಸ್ಯೆಯ ಇಳಿತದಂದೇ ಬಿದ್ದರೆ, ಅಷ್ಟು ಅಗಲದ ಗಟ್ಟಿ ಮರಳು ಯಾರಿಗೂ ಬೇಡವಾಗಿ ಬಿದ್ದಿರುವುದನ್ನು ಕಂಡು ಎಷ್ಟು ಓಟ ಹಾಳಾಯಿತು ಎಂದು ಎಣಿಸುತ್ತಿದ್ದೆ.

ಜಿಲ್ಲಾ ಕ್ರೀಡಾಕೂಟದಲ್ಲಿ ಅವಳು ಇನ್ನೂರು ಮೀಟರಿನಲ್ಲಿ ಮೊದಲಿಗಳಾದಳು. ಎರಡನೆಯವಳು ಅವಳಿಗಿಂತ ಎರಡು ಮಾರು ಹಿಂದೆ ಇದ್ದಳು. ನಾನು ಸ್ಪೈಕ್ಸ್ ಬೂಟು ಕೊಡಿಸಿದೆ, ಅದನ್ನೂ ಅಂಗಡಿಯವನು ಸಾಕಪ್ಪಾ ಎನ್ನುವಷ್ಟು ಚೌಕಾಶಿ ಮಾಡಿ. ಹಾಸ್ಟೆಲಿನ ಆಯ್ಕೆಗೆ ಇನ್ನು ಹದಿನಾಲ್ಕು ದಿನ ಇತ್ತು.

ಅವತ್ತು ಬೆಳಿಗ್ಗೆ ಅಭ್ಯಾಸದಲ್ಲಿ ನಾಲ್ಕನೇ ಓಟಕ್ಕೆ ಅವಳು ತೊಡೆಯ ಹಿಂದೆ ಕೈ ಇಟ್ಟು ನಿಂತಳು. ಒಳಗೆ ಚಿಟ್ಟೆಂದಿತು ಎಂದಳು. ಮಾಸ್ತರರು ಅವಳನ್ನು ಮರಳಿನ ಮೇಲೆ ಬೋರಲು ಮಲಗಿಸಿ ಬೆರಳಿನಲ್ಲಿ ಒತ್ತಿ ನೋಡಿದರು, ಹಿಮ್ಮಡಿ ಹಿಡಿದುಕೊಂಡು ಕಾಲು ಮಡಚು ಎಂದರು. ನಂತರ ಎದ್ದು ಪಂಚೆಯ ಮರಳು ಕೊಡವಿ, "ಹತ್ತು ದಿನ ಓಡೂದು ಬೇಡ" ಎಂದರು. ಎರಡು ದಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷದಂತೆ ಇಡಬೇಕು, ಬರೀ ಮಂಜುಗಡ್ಡೆ ಚರ್ಮಕ್ಕೆ ತಾಗಿಸಬಾರದು, ಬಿಸಿನೀರು ಬೇಡ, ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ. ಮೂರನೇ ದಿನದಿಂದ ಮೆಲ್ಲಗೆ ನಡಿಗೆ. ಹನ್ನೊಂದನೇ ದಿನ ನಾನೇ ನೋಡಿ ಓಡಿಸುತ್ತೇನೆ, ಆಯ್ಕೆಗೆ ಸಾಕಾಗುತ್ತದೆ, ಕಲಿತ ವೇಗ ಹತ್ತು ದಿನಕ್ಕೆ ಎಲ್ಲಿಗೂ ಹೋಗುವುದಿಲ್ಲ ಎಂದು ಬಿಡಿಸಿ ಹೇಳಿದರು.

ನಾನು ಅಷ್ಟನ್ನೂ ಕೇಳಿದೆ. ಕಿವಿಯಲ್ಲಿ ಉಳಿದದ್ದು ಹತ್ತು ಎಂಬ ಅಂಕಿ ಒಂದೇ. ಹತ್ತು ಎಂದರೆ ಐದಕ್ಕೆ ಬರುವ ಮಾತು ಎಂದು ತಲೆ ತನ್ನಷ್ಟಕ್ಕೇ ಲೆಕ್ಕ ಹಾಕಿಬಿಟ್ಟಿತು.

"ಹತ್ತು ಜಾಸ್ತಿ ಆಯ್ತು ಮಾಸ್ತರೆ. ಐದು ಮಾಡಿ."

"ಇದು ಬಂಗಡೆ ಅಲ್ಲ ಮಾರಾಯ್ತಿ."

"ಅಲ್ಲ, ಹದಿನಾಲ್ಕರಲ್ಲಿ ಹತ್ತು ಹೋದ್ರೆ ಮತ್ತೆಂತ ಉಳೀತದೆ?"

"ಕಾಲು ಉಳೀತದೆ."

ನಾನು ಬಿಡಲಿಲ್ಲ. ಆರು ಎಂದೆ. ಐದನೇ ದಿನ ಅಮಾವಾಸ್ಯೆ, ಮರಳು ಚೆನ್ನಾಗಿರುತ್ತದೆ, ಆಮೇಲೆ ಅಂಥ ಮರಳು ಸಿಗುವುದಕ್ಕೆ ಹುಣ್ಣಿಮೆಯ ತನಕ ಕಾಯಬೇಕು ಎಂದೆ. ಎರಡನೆಯವಳು ದಿನಾ ಓಡುತ್ತಿರುತ್ತಾಳೆ ಎಂದೆ. ಮಾಸ್ತರರು ಹಲಗೆ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡರು. ಕಡೆಗೆ, ಜಗಳವಾಡುವ ಮನಸ್ಸಿಲ್ಲದವರ ದನಿಯಲ್ಲಿ, "ನನ್ನತ್ರ ಚೌಕಾಶಿ ಮಾಡಿ ಎಂತ ಉಪಯೋಗ? ನಾ ಏಳು ಅಂದ್ರೂ ಅವಳ ಕಾಲು ಏಳು ಅನ್ಬೇಕಲ್ಲ" ಎಂದರು.

ಆ ಮಾತಿನಲ್ಲಿ ನಾನು ಏಳನ್ನು ಮಾತ್ರ ಎತ್ತಿಕೊಂಡೆ. ಉಳಿದದ್ದನ್ನು ಅಲ್ಲೇ ಬಿಟ್ಟು ಬಂದೆ. ದಾರಿಯಲ್ಲಿ ತಂಗಿಗೆ, ಮಾಸ್ತರರು ಏಳಕ್ಕೆ ಒಪ್ಪಿದರು ನೋಡು ಎಂದೆ. ಅವಳು ಹೂಂ ಎಂದಳು.

ಸುದ್ದಿ ಕೇಳಿ ಆಯಿ ಊರಿಂದ ಬಸ್ಸು ಹತ್ತಿ ಬಂದಳು, ಸೀಸೆಯಲ್ಲಿ ತೆಂಗಿನೆಣ್ಣೆ ತಂದಿದ್ದಳು. ನನ್ನ ಖಾನಾವಳಿಗೆ ದಿನಾ ಮಂಜುಗಡ್ಡೆ ಬರುತ್ತಿತ್ತು. ಹೊಟ್ಟಿನಲ್ಲಿ ಹುಗಿದು ಇಟ್ಟಿರುತ್ತಿದ್ದೆ. ಒಂದು ತುಂಡು ಒಡೆದು ಬಟ್ಟೆಯಲ್ಲಿ ಕಟ್ಟಿ ತಂದದ್ದನ್ನು ಆಯಿ ಕಿತ್ತು ಬಚ್ಚಲಿಗೆ ಹಾಕಿದಳು. "ಮಂಜುಗಡ್ಡೆ ಇಡೂದು ಸತ್ತ ಮೀನಿಗೆ. ಜೀವ ಇದ್ದವ್ರಿಗೆ ಬಿಸ್ನೀರು" ಎಂದಳು. ಬಾಣಂತಿಯರ ಮೈ ತಿಕ್ಕಿ ಪಳಗಿದ ಕೈ ಅವಳದ್ದು. ಎಣ್ಣೆ ಕಾಯಿಸಿ, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ತೊಡೆಯ ಹಿಂಭಾಗ ತಿಕ್ಕಿದಳು, ಮೇಲಿಂದ ಸುಡುವ ನೀರು ಹೊಯ್ದಳು. ತಂಗಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಬೇಡ ಎಂದು ನಾನು ಹೇಳಬಹುದಿತ್ತು. ಆಯಿಯ ಮಾತು ಮೀರಬಾರದೆಂದು ಸುಮ್ಮನಿದ್ದೆ ಎಂದರೆ ಅದು ಅರ್ಧ ಸತ್ಯ. ತಿಕ್ಕಿದರೆ ಇನ್ನೂ ಬೇಗ ಗುಣವಾಗಬಹುದು, ಏಳರಲ್ಲಿ ಇನ್ನೆರಡು ದಿನ ಕೊಸರು ಸಿಗಬಹುದು ಎಂಬ ಆಸೆ ಉಳಿದರ್ಧ.

ಅಮಾವಾಸ್ಯೆ ಬಂತು. ಅವಳ ತೊಡೆಯಲ್ಲಿ ಚಿಟ್ಟೆಂದು ಅಂದಿಗೆ ಐದನೇ ದಿನ. ಆಯಿ ಹೊಳೆಗೆ ಇಳಿಯಬೇಕೆಂದು ಹಿಂದಿನ ದಿನವೇ ಊರಿಗೆ ಹೋಗಿದ್ದಳು. ತಂಗಿ ನಡೆಯುವುದರಲ್ಲಿ ಕುಂಟು ಕಾಣುತ್ತಿರಲಿಲ್ಲ. ಸಂಜೆ ಐದರ ಹೊತ್ತಿಗೆ ನಾನು ಅವಳನ್ನು ಸಮುದ್ರದಂಡೆಗೆ ಕರೆದುಕೊಂಡು ಹೋದೆ. ಮಾಸ್ತರರು ಅವತ್ತು ಬರುವ ಪ್ರಶ್ನೆಯೇ ಇರಲಿಲ್ಲ, ಅವರ ಪುಸ್ತಕದಲ್ಲಿ ಆ ದಿನ ಕೆಂಪು. ನೀರು ಎಷ್ಟು ದೂರ ಹೋಗಿತ್ತೆಂದರೆ ನಾನು ಆ ವರ್ಷ ಅಂಥ ಮರಳು ನೋಡಿರಲಿಲ್ಲ. ಚಪ್ಪಲಿ ಕಳಚಿ ನಿಂತೆ, ಹಿಮ್ಮಡಿ ಹುಗಿಯಲಿಲ್ಲ. ಇದನ್ನು ಬಿಡುವುದುಂಟೇ ಎನಿಸಿತು.

ನಾಲ್ಕೇ ನಾಲ್ಕು ಸಲ, ಅದೂ ಮುಕ್ಕಾಲು ವೇಗ ಎಂದು ನಾನೇ ನಿಯಮ ಮಾಡಿದೆ. ಹಲಗೆ ಇರಲಿಲ್ಲ, ಕೈ ಚಪ್ಪಾಳೆ ತಟ್ಟಿದೆ. ಮೊದಲ ಓಟ ಮುಗಿಸಿ ಅವಳು ತಿರುಗಿ ನಡೆದು ಬರುವಾಗ, "ಹೆಂಗದೆ?" ಎಂದು ಕೇಳಿದೆ.

"ಅಡ್ಡಿಲ್ಲ."

ಎರಡನೆಯದಕ್ಕೂ ಅಡ್ಡಿಲ್ಲ. ಮೂರನೆಯದು ಮುಗಿದಾಗ ಅವಳು ನಾನಿದ್ದಲ್ಲಿಗೆ ಬರುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು. "ಅಕ್ಕಾ, ಇವತ್ತಿಗೆ ಸಾಕಾ?" ಎಂದಳು. ಸಾಕು ಎನ್ನಲಿಲ್ಲ, ಸಾಕಾ ಎಂದಳು. ನಾನು ಸಮುದ್ರದ ಕಡೆ ನೋಡಿದೆ. "ಇನ್ನೊಂದೇ ಒಂದು. ನೀರು ಇನ್ನೂ ದೂರ ಅದೆ" ಎಂದೆ.

ನಾಲ್ಕನೇ ಸಲ ಚಪ್ಪಾಳೆ ತಟ್ಟಿದೆ. ಓಡುತ್ತಿದ್ದವಳು ಒಮ್ಮೆಲೇ ಒಂಟಿಕಾಲಿನಲ್ಲಿ ಕುಪ್ಪಳಿಸಿ, ಕೈಯೂರಿ ಕೂತಳು. ನಾನು ಹತ್ತಿರ ಹೋದಾಗ ನನ್ನ ಮುಖ ನೋಡಲಿಲ್ಲ. ಗಟ್ಟಿ ಮರಳಿನಲ್ಲಿ ಅವಳ ಹೆಜ್ಜೆಗಳು ಅಚ್ಚಿನ ಹಾಗೆ ಬಿದ್ದಿದ್ದವು. ಅಷ್ಟು ದೂರ ಎಲ್ಲ ಒಂದೇ ಅಳತೆ, ಆಮೇಲೆ ಒಂದು ಗಿಡ್ಡ ಹೆಜ್ಜೆ, ಆಮೇಲೆ ಬರೀ ಬಲಗಾಲಿನದು ಎರಡು. ಅವಳನ್ನು ಎತ್ತಿ ಹೆಗಲಿಗೆ ಆನಿಸಿಕೊಂಡು ರಸ್ತೆಯ ತನಕ ತಂದೆ. ಅಲ್ಲಿಂದ ರಿಕ್ಷಾ. ಅವತ್ತು ರಿಕ್ಷಾದವನು ಕೇಳಿದಷ್ಟು ಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ಮಾಸ್ತರರಿಗೆ ಹೇಳಿ ಕಳಿಸಿದೆ. ಅವರು ಬಂದಾಗ ಅವಳ ತೊಡೆಯ ಹಿಂಭಾಗ ಬಾತು, ಮೊಣಕಾಲಿನ ತನಕ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವರು ಮುಟ್ಟಲೂ ಇಲ್ಲ. ಸ್ಟೂಲಿನ ಮೇಲೆ ಕೂತು, ಯಾವಾಗ ಓಡಿಸಿದೆ ಎಂದು ಕೇಳಿದರು. ನಿನ್ನೆ ಎಂದೆ.

"ನಾ ಹತ್ತು ಅಂದಿದ್ದೆ."

"ಏಳು ಅಂದಿದ್ರಿ ಮಾಸ್ತರೆ."

"ಅಂದಿದ್ದೆ ಅಂತಲೇ ಇಟ್ಕೊ," ಎಂದರು ಅವರು. "ಇವತ್ತು ಆರು."

ಡಾಕ್ಟರರು ನೋಡಿ ಸ್ನಾಯು ಹರಿದಿದೆ, ಮೂರು ತಿಂಗಳು ಎಂದರು. ನಾನು ಆಗಲೂ ಬುದ್ಧಿ ಕಲಿಯಲಿಲ್ಲ. ಗಟ್ಟಿಯಾಗಿ ಪಟ್ಟಿ ಕಟ್ಟಿಕೊಂಡು ಆಯ್ಕೆಯ ದಿನ ಒಂದೇ ಒಂದು ಸಲ ಓಡಿದರೆ, ಆಮೇಲೆ ಬೇಕಾದರೆ ವರ್ಷವಿಡೀ ಮಲಗಲಿ ಎಂದು ಮಾಸ್ತರರ ಮನೆಬಾಗಿಲಿಗೆ ಹೋಗಿ ವಾದಿಸಿದೆ. ಮನೆಗೆ ಬಂದು ಅದನ್ನೇ ತಂಗಿಗೆ ಹೇಳಿದೆ. ಅವಳು ಚಾಪೆಯ ಮೇಲೆ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. "ಅಕ್ಕಾ, ಇನ್ನು ಬಿಡು" ಎಂದಳು. ಅವಳು ನನಗೆ ಬೇಡ ಎಂದದ್ದು ಅದೇ ಮೊದಲು.

ಜಿಲ್ಲೆಯಲ್ಲಿ ಎರಡನೆಯವಳಾಗಿದ್ದ ಹುಡುಗಿಗೆ ಹಾಸ್ಟೆಲಿನ ಜಾಗ ಸಿಕ್ಕಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮನೆಯಲ್ಲಿ ನನ್ನಂಥವರು ಇದ್ದಿರಲಿಕ್ಕಿಲ್ಲ. ನಮ್ಮ ಅರ್ಜಿಯ ಫಾರ್ಮು ಎಲ್ಲಿ ಹೋಯಿತೋ ಗೊತ್ತಿಲ್ಲ. ಮುಂದಿನ ವರ್ಷ ವಯಸ್ಸು ಮೀರಿತ್ತು.

ಕಾಲು ಗುಣವಾಯಿತು. ಕಾಲೇಜಿನ ಕೂಟದಲ್ಲಿ ಎರಡು ವರ್ಷ ಓಡಿದಳು, ಒಮ್ಮೆ ಮೂರನೆಯವಳು, ಒಮ್ಮೆ ನಾಲ್ಕನೆಯವಳು. ನೋಡುವವರಿಗೆ ಎಲ್ಲ ಸರಿಯಿತ್ತು. ಆದರೆ ಎಡಗಾಲು ಮುಂದಿಡುವಾಗ ಪ್ರತಿಸಲವೂ ಅವಳು ಅದನ್ನು ಕೇಳಿಕೊಂಡು ಇಡುತ್ತಿದ್ದಳು. ಬಸ್ಸಿನ ಹಿಂದೆ ಓಡಿದ ಹುಡುಗಿಗೆ ಹಾಗೆ ಕೇಳಿಕೊಳ್ಳುವುದು ಇರಲಿಲ್ಲ. ಗುಣವಾಗುತ್ತಿದ್ದ ದಿನಗಳಲ್ಲಿ ಮಾಸ್ತರರು ವಾರಕ್ಕೊಮ್ಮೆ ಬಂದು ಅವಳಿಗೆ ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತುವುದು, ಮಲಗಿ ಸೊಂಟ ಎತ್ತುವುದು ಎಲ್ಲ ಮಾಡಿಸುತ್ತಿದ್ದರು. ಅವಳಿಗಾಗಿ ಬರುವುದನ್ನು ಎಂದೂ ತಪ್ಪಿಸಲಿಲ್ಲ. ನನ್ನ ಜೊತೆ ಮಾತ್ರ ಮೊದಲಿನಂತಿರಲಿಲ್ಲ. ಇನ್ನೆಷ್ಟು ದಿನ ಬೇಕು ಮಾಸ್ತರೆ ಎಂದು ಕೇಳಿದರೆ, "ನೀನೇ ಹೇಳು" ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು. ಆದರೆ ಸಾಯುವ ತನಕ ನನಗೆ ಅವರು ಮತ್ತೊಂದು ಅಂಕಿ ಹೇಳಲಿಲ್ಲ. ಪೇಟೆಯಲ್ಲಿ ನನಗೆ ಬೆಲೆ ಹೇಳುವುದಿಲ್ಲ ಎಂದವರು ಯಾರೂ ಇರಲಿಲ್ಲ.

ತಂಗಿ ಟಿ.ಸಿ.ಎಚ್. ಮಾಡಿ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾದಳು. ಬೊಬ್ರುವಾಡಕ್ಕೆ ಮದುವೆಯಾಗಿ ಹೋದಳು. ಚೆನ್ನಾಗಿದ್ದಾಳೆ. ಶಾಲೆಯ ಮಕ್ಕಳನ್ನು ತಾಲೂಕು ಕೂಟಕ್ಕೆ ಕರೆದುಕೊಂಡು ಹೋಗುವವಳು ಅವಳೇ. ನಮ್ಮ ಕಡೆಗೆ ರೈಲು ಬಂದ ಹೊಸತರಲ್ಲಿ ಒಂದು ಭಾನುವಾರ ನಾನು ಅವಳ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಇಬ್ಬರೂ ಮಣೆ ಹಾಕಿಕೊಂಡು ಬಳಚು ಬಿಡಿಸುತ್ತಿದ್ದೆವು. ಅವಳ ಶಾಲೆಯ ಒಬ್ಬ ಹುಡುಗಿ ಕಾಲು ನೋವೆಂದು ಹೇಳಿದ್ದಕ್ಕೆ ಅವಳನ್ನು ಕೂಟದಿಂದ ಬಿಟ್ಟಿದ್ದಾಗಿ ಹೇಳಿದಳು. ಅಷ್ಟು ಸಣ್ಣ ನೋವಿಗೆ ಬಿಡುವುದೇ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವಳು ಕತ್ತಿಯ ಮೇಲಿನ ಕೈ ನಿಲ್ಲಿಸಲಿಲ್ಲ.

"ಅವತ್ತು ನಂಗೆ ಮೊದಲ್ನೇ ಓಟಕ್ಕೇ ಎಳೆದಿತ್ತು ಅಕ್ಕಾ."

"ಮತ್ತೆ ಅಡ್ಡಿಲ್ಲ ಅಂದೆಯಲ್ಲೇ?"

"ನೀ ಕೇಳೂದು ಹಂಗಿತ್ತು. ಬೆಲೆ ಕೇಳ್ದಂಗೆ. ನಾ ಎಷ್ಟು ಹೇಳಿದ್ರೂ ನೀ ಅರ್ಧ ಮಾಡೂದೇ. ಅದ್ಕೆ ನಾನೇ ಅರ್ಧ ಮಾಡಿ ಹೇಳ್ತಿದ್ದೆ."

ಹೇಳಿ ನಕ್ಕಳು. ನಾನೂ ನಗಬೇಕೆಂದು ನೋಡಿದೆ. ಬೆರಳಿಗೆ ಚಿಪ್ಪು ಕುಯ್ದಿತ್ತು, ಅದನ್ನು ನೆಪ ಮಾಡಿಕೊಂಡು ಬಾವಿಕಟ್ಟೆಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದೆ. ಪೇಟೆಯವರು ನನಗೆ ಏರಿಸಿ ಹೇಳುತ್ತಿದ್ದರು, ಅದನ್ನು ಹಿಡಿಯುವುದು ನನಗೆ ಬರುತ್ತಿತ್ತು. ಮನೆಯಲ್ಲಿ ಒಬ್ಬಳು ಇಳಿಸಿ ಹೇಳುತ್ತಿದ್ದಳು. ಅದು ನನಗೆ ಹೊಳೆಯಲೇ ಇಲ್ಲ, ಯಾಕೆಂದರೆ ಇಳಿದ ಅಂಕಿಯನ್ನು ಅನುಮಾನಿಸಿ ನನಗೆ ಅಭ್ಯಾಸವಿರಲಿಲ್ಲ.

ಅದೆಲ್ಲ ನಡೆದು ನಲವತ್ತು ವರ್ಷ ಹತ್ತಿರವಾಗುತ್ತ ಬಂತು. ಈಗ ಖಾನಾವಳಿಗೆ ಊಟಕ್ಕೆ ಬರುವವರಲ್ಲಿ ಮಕ್ಕಳನ್ನು ಓಟಕ್ಕೆ ಹಾಕಿದ ತಂದೆ ತಾಯಿ ಇದ್ದೇ ಇರುತ್ತಾರೆ. ಕೇಳಲಿ ಬಿಡಲಿ, ನಾನು ಹೇಳುತ್ತೇನೆ. ನಿಮಗೂ ಹೇಳುತ್ತೇನೆ. ಬೂಟಿಗೆ ಚೌಕಾಶಿ ಮಾಡಿ, ಧಾರಾಳ ಮಾಡಿ. ಅಂಗಡಿಯವರು ಏರಿಸಿಯೇ ಹೇಳಿರುತ್ತಾರೆ. ವಿಶ್ರಾಂತಿಯ ದಿನಕ್ಕೆ ಮಾಡಬೇಡಿ. ಓಟ ಕಲಿಸುವವರು ಹತ್ತು ಎಂದರೆ ಹತ್ತೇ. ಅನುಮಾನವಿದ್ದರೆ ಇನ್ನೊಬ್ಬ ತಿಳಿದವರನ್ನು ಕೇಳಿ, ಆದರೆ ಇಬ್ಬರು ಎರಡು ಅಂಕಿ ಹೇಳಿದರೆ ದೊಡ್ಡದನ್ನು ಹಿಡಿಯಿರಿ. ಹೊಸ ಎಳೆತಕ್ಕೆ ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಎಣ್ಣೆ ಸೀಸೆ ಹಿಡಿದು ಬಂದವರು ನಿಮ್ಮ ತಾಯಿಯೇ ಆದರೂ ಕೂರಿಸಿ ಊಟ ಹಾಕಿ, ಸೀಸೆಯನ್ನು ಮಾತ್ರ ಎತ್ತಿಡಿ. ಬಾತಿದ್ದರೆ, ಕಪ್ಪಾಗಿದ್ದರೆ, ಕಾಲೂರಲು ಆಗದಿದ್ದರೆ ಡಾಕ್ಟರರ ಹತ್ತಿರ ಹೋಗಿ, ನಾಳೆ ನೋಡೋಣ ಎನ್ನಬೇಡಿ. ಜೋರಾಗಿ ಓಡಿಸಿದ ಮಾರನೇ ದಿನ ಜೋರಾಗಿ ಓಡಿಸಬೇಡಿ, ಮೈದಾನ ಎಷ್ಟೇ ಖಾಲಿ ಇರಲಿ.

ಮತ್ತೆ, ಹೆಂಗದೆ ಎಂದು ಮಗುವನ್ನು ಕೇಳಬೇಡಿ. ನಿಮ್ಮ ದನಿಯಲ್ಲಿ ನಿಮಗೆ ಬೇಕಾದ ಉತ್ತರ ಇರುತ್ತದೆ, ಮಗು ಅದನ್ನೇ ತಿರುಗಿ ಕೊಡುತ್ತದೆ. ಕೇಳುವ ಬದಲು ನೋಡಿ. ಬೆಳಿಗ್ಗೆ ಚಾಪೆಯಿಂದ ಏಳುವಾಗ ಯಾವ ಕೈ ಊರುತ್ತದೆ, ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಇಡುತ್ತದೆ, ಓಡಿ ತಿರುಗಿ ಬರುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆಯೇ. ಅಷ್ಟರ ಮೇಲೂ ಅದು ಒಂದು ದಿನ ನಿಮ್ಮ ಮುಂದೆ ನಿಂತು ಸಾಕಾ ಎಂದು ಕೇಳಿದರೆ, ನೀರು ಎಷ್ಟು ದೂರ ಇದೆ ಎಂದು ನೋಡಲು ಹೋಗಬೇಡಿ. ಸಾಕು ಎನ್ನಿ. ಚಪ್ಪಲಿ ಹಾಕಿಕೊಂಡು ಮನೆಗೆ ನಡೆಯಿರಿ.